ಉರುವಲು ತಪ್ಪಿಸುವ ಮದ್ದು

ಚಳಿಗಾಲದಲ್ಲಿ ಬೆಳಗಿನ ಮೊದಲ ಕ್ಲಾಸಿನಲ್ಲಿ ನಮ್ಮ ಬಯಾಲಜಿ ಮೇಡಂ ಬೆರಳುಗಳು ಕೈಲಿದ್ದ ಚಾಕ್‌ಪೀಸಿಗಿಂತ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ. ನಾವು ಅದನ್ನೇ ನೋಡುತ್ತ ಕೂತರೆ ಗದರುತ್ತಿದ್ದರು: "ನನ್ನ ಕೈಯಲ್ಲಿ ಏನಿದೆ? ಬೋರ್ಡ್ ಮೇಲಿನ ಜೀವಕೋಶ ನೋಡಿ."

ಅವರಿಗೆ ಲೂಪಸ್. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಮೈಮೇಲೆ ಬೀಳುವ ಕಾಯಿಲೆ. ತೊಂಬತ್ತರ ದಶಕದ ಸಿದ್ದಾಪುರದಲ್ಲಿ ಆ ಹೆಸರು ಯಾರಿಗೆ ಗೊತ್ತಿತ್ತು? ಕೆನ್ನೆಯ ಕೆಂಪು ಕಲೆ ನೋಡಿ ಜನ ಸರ್ಪದೋಷ ಎಂದರು. ಸ್ಟೆರಾಯ್ಡ್ ಮಾತ್ರೆಯಿಂದ ಮುಖ ಊದಿತು, ಸಕ್ಕರೆ ಕಾಯಿಲೆಯೂ ಬಂತು. ಜೋನಿಬೆಲ್ಲವಿಲ್ಲದೆ ದೋಸೆ ಮುಟ್ಟದವರು ಬೆಲ್ಲ ಬಿಟ್ಟರು.

ನಮ್ಮದು ಪಕ್ಕದ ಮನೆ. ನಾನು ಓದು ಮುಗಿಸಿ ಬಂದ ಮೇಲೆ ಒಂದು ಸಂಜೆ ವಿಜ್ಞಾನ ಪತ್ರಿಕೆಯೊಂದನ್ನು ಹಿಡಿದು ಕರೆದರು. ಅಷ್ಟು ಖುಷಿಯಾಗಿ ಅವರನ್ನು ನಾನು ಕಂಡದ್ದೇ ಇಲ್ಲ.

"ಕೂಸೇ, ದಾಳಿ ಮಾಡೋ ಕಣ ಉಳಿದವಕ್ಕಿಂತ ಹೆಚ್ಚು ಸಕ್ಕರೆ ತಿಂತ್ವಡ. ಅವಕ್ಕೆ ಹೋಗೋ ಉರುವಲು ತಪ್ಪಿಸಿದ್ರೆ ತಣ್ಣಗಾಗ್ತ್ವಡ. ಈಗ ವಿಜ್ಞಾನಿಗಳು ಇಲಿ ಮೇಲೆ ನೋಡ್ತಾ ಇದ್ದ. ಮದ್ದು ಬಪ್ಪಲ್ಲಿವರೆಗೆ ಇವುಗಳ ದಾಳೀನ ಎನ್ನ ಕಿಡ್ನಿ ತಡಕಂಡ್ರೆ ಸೈ."

ಒಳಗಿದ್ದ ಅವರ ಅಮ್ಮ, ನಮ್ಮೆಲ್ಲರ ಆಯಿ, ಹೊರಬಂದರು. "ಹಂಗಾದ್ರೆ ಉಪವಾಸ ಮಾಡಿದ್ರೆ ಆಗ್ತಿಲ್ಯನೇ?"

"ಇಲ್ಲೆ ಆಯಿ. ಎನ್ನ ಹೃದಯಕ್ಕೂ ಅದೇ ಸಕ್ಕರೆ. ಅವಕ್ಕೊಂದೇ ತಪ್ಪಿಸೋ ಮದ್ದು ಬೇಕು."

"ಹಂಗಾದ್ರೆ ನಿನ್ನ ಬದಲು ಆನು ಮಾಡ್ತೆ."

ಅಂದಿನಿಂದ ಆಯಿಗೆ ರಾತ್ರಿಯ ಊಟ ಒಂದೇ. ಮೇಡಂ ರೇಗಿದರು, ಅತ್ತರು, ತಾವೂ ತಟ್ಟೆ ಸರಿಸಿ ಹೆದರಿಸಿದರು. ಆಯಿ ಜಗ್ಗಲಿಲ್ಲ. ಇಬ್ಬರು ಹಟಮಾರಿ ಹೆಂಗಸರ ಆ ಮನೆಗೆ ಹೋಗಲು ನನಗೆ ಭಯವಾಗುತ್ತಿತ್ತು.

ಮದ್ದು ಬರಲಿಲ್ಲ. ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆಂದು ಹುಬ್ಬಳ್ಳಿಗೆ ಓಡಾಡಿ ಸಾಕಾಗಿ, ಇನ್ನು ಬೇಡವೆಂದು ಮನೆಗೆ ಬಂದುಬಿಟ್ಟರು. ಒಂದು ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ ಕೇಳಿದರು. ಆಯಿ ನನ್ನ ಮುಖ ನೋಡಿದರು.

"ಹಾಕೇ ಆಯಿ. ಆ ಕಣಗಳೂ ತಿನ್ಲಿ ಪಾಪ, ಅವೂ ಎನ್ನವೇ ಅಲ್ದಾ? ನೀನೂ ತಿನ್ನು."

ಆಯಿ ಮಗಳ ಬಾಯಿಗೊಂದು ತುಂಡು ಇಟ್ಟು, ತಾವೂ ಒಂದು ತುಂಡು ತಿಂದರು. ಮಾರನೆಯ ದಿನ ಮೇಡಂ ತೀರಿಕೊಂಡರು.

ಈಗ ನಾನೂ ಬಯಾಲಜಿ ಕಲಿಸುತ್ತೇನೆ, ಅವರು ಕಲಿಸಿದ್ದನ್ನೇ. ಹದಿಮೂರರ ಕಾರ್ಯ ಮುಗಿದ ಸಂಜೆ ಆಯಿ ನನ್ನ ಕೈ ಹಿಡಿದು ಕೇಳಿದ್ದರು: "ಆ ದೋಸೆ ಆನು ತಿನ್ನದೇ ಇದ್ದಿದ್ರೆ, ಕೂಸೇ?"

ಮೇಡಂ ಕಲಿಸಿದ್ದಷ್ಟನ್ನೂ ಬಿಡಿಸಿ ಹೇಳಿದೆ. ಆಯಿ ಪೂರ್ತಿ ಕೇಳಿಸಿಕೊಂಡರು. ಆದರೆ ಮರುದಿನ ಬೆಳಿಗ್ಗೆ ದೋಸೆ ಕೊಡಲು ಹೋದಾಗ ತಟ್ಟೆ ಮುಟ್ಟಲಿಲ್ಲ.