ಜಸ್ರಿಲ್ ಮಹಾಶಯರ ಎಡಗೈ

ಬುಕಿತಿಂಗಿ ಪಟ್ಟಣದ ಬಸ್ ನಿಲ್ದಾಣದೆದುರು ಉನಿ ಯುರ್ನೆಲಿಸ್ ಅವರ ಅನ್ನದಂಗಡಿ. ಉನಿ ಎಂದರೆ ಅಕ್ಕ. ಆಕೆ ಊರಿಗೆಲ್ಲ ಅಕ್ಕ. ಅಲ್ಲಿ ಏನು ಬೇಕೆಂದು ಯಾರೂ ಕೇಳುವುದಿಲ್ಲ. ಕೂತರೆ ಸಾಕು, ಮಾಡಿದ್ದೆಲ್ಲ ಬಂದು ಮೇಜು ತುಂಬುತ್ತದೆ. ತರುವುದು ಅಲ್ಲಿ ಬಡಿಸುವ ಜಸ್ರಿಲ್ ಮಹಾಶಯರ ಎಡಗೈ. ಅಂಗೈಯಿಂದ ಭುಜದವರೆಗೆ ತಟ್ಟೆಯ ಮೇಲೆ ತಟ್ಟೆ: ರೆಂದಾಂಗ್ ಎಂಬ ಮಾಂಸದ ಪಲ್ಯ, ಮೀನಿನ ತಲೆಯ ಸಾರು, ಮರಗೆಣಸಿನ ಸೊಪ್ಪು. ಐವತ್ತು ದಾಟಿದ ಜಸ್ರಿಲ್ ಆ ಕೈಯನ್ನು ಒಮ್ಮೆಯೂ ನೋಡಿದವರಲ್ಲ. ಕಣ್ಣೇನಿದ್ದರೂ ಕುರ್ಚಿಗಳ ಮೇಲೆ, ದಾರಿಗಡ್ಡ ಮಲಗಿದ ಬೆಕ್ಕಿನ ಮೇಲೆ.

“ಇಣುಕಿ ನೋಡಿದ್ರೆ ಕೈಗೆ ಬೇಜಾರಾಗುತ್ತೆ” ಎನ್ನುತ್ತಿದ್ದರು.

ಇಂಥ ಸಾಮ್ರಾಜ್ಯಕ್ಕೆ ಕೇಡು ಬಂದದ್ದು ಹೊಸ ಪ್ಲಾಸ್ಟಿಕ್ ತಟ್ಟೆಗಳಿಂದ. ಬಲಗೈ ಒಂದು ತಟ್ಟೆ ಎತ್ತಿದ ಕ್ಷಣದಲ್ಲೇ ಎಡಗೈ ಅಷ್ಟೇ ಭಾರದ ಬಿಗಿಯನ್ನು ಸಡಿಲಿಸಬೇಕು. ಇಲ್ಲದಿದ್ದರೆ ಕೈ ಮೇಲಕ್ಕೆ ಚಿಮ್ಮುತ್ತದೆ. ಜಸ್ರಿಲ್ ಅವರ ಕೈ ಹಳೆಯ ಪಿಂಗಾಣಿಯ ಭಾರಕ್ಕೆ ಪಳಗಿತ್ತು. ಹಗುರ ತಟ್ಟೆ ಎತ್ತಿದಾಗಲೂ ಅದೇ ಧಾರಾಳತನದಿಂದ ಸಡಿಲಾಯಿತು, ಕುಸಿಯಿತು. ಸಾರು ಬಸ್ ಡ್ರೈವರ್ ಸುತಾನ್ ಅವರ ತೊಡೆ ಸೇರಿತು.

“ಮೀನಿನ ತಲೆ ತಿನ್ನೋಕೆ ಬಂದೆ ಕಣಯ್ಯಾ! ತೊಡೆಗೆ ಸ್ನಾನ ಮಾಡ್ಸು ಅಂದ್ನಾ?”

ಮರುದಿನವೇ ಉನಿ ಒಂದು ತಳ್ಳುಗಾಡಿ ತರಿಸಿದರು. “ವಯಸ್ಸಾಯ್ತು ಉದಾ. ಶುಕ್ರವಾರದ ಗದ್ದಲದಲ್ಲಿ ಇನ್ನೊಂದ್ಸಲ ಚೆಲ್ಲಿದ್ರೆ ಊಟ ತರೋದು ಗಾಡಿ, ಗಲ್ಲಾದಲ್ಲಿ ಕೂರೋದು ನೀವು.”

ಉದಾ ಎಂದರೆ ಅಣ್ಣ. ಅಣ್ಣನೆಂದು ಕರೆದೇ ಗಡೀಪಾರು! ಜಸ್ರಿಲ್ ಮನೆಗೆ ಒಂದು ಹೊರೆ ಹೊಸ ತಟ್ಟೆ ಒಯ್ದು, ನೀರು ತುಂಬಿಸಿ, ಹೆಂಡತಿ ಗುಸ್ನೆತಿಗೆ ಬಡಿಸತೊಡಗಿದರು. ಭಯಕ್ಕೆ ಕೈಯನ್ನೇ ನೋಡುತ್ತ ನಡೆದರು, ಹೊಸಿಲು ಎಡವಿದರು.

“ಮದುವೆಯಾದಾಗಿಂದ ಒಂದು ಲೋಟ ನೀರು ಕೊಟ್ಟವರಲ್ಲ. ಈಗ ಮೈಮೇಲೇ ಸುರೀತಿದ್ದೀರಿ!” ಎಂದು ಗುಸ್ನೆತಿ ತನ್ನ ತಲೆವಸ್ತ್ರದಿಂದ ಗಂಡನ ಕಣ್ಣು ಕಟ್ಟಿದಳು. ಇಣುಕಲು ದಾರಿಯಿಲ್ಲದ ಮೇಲೆ ಕೈ ಮತ್ತೆ ತಾನೇ ಲೆಕ್ಕ ಕಲಿಯಿತು. ಗುರುವಾರದ ಹೊತ್ತಿಗೆ ಗುಸ್ನೆತಿಯ ಉಡುಪು ಒಣಗಿಯೇ ಇತ್ತು.

ಶುಕ್ರವಾರ ನಮಾಜು ಮುಗಿದು ಜನ ನುಗ್ಗಿದರು. ಸುತಾನ್ ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಸೈನ್ಯಸಮೇತ ಹೊರಟ ಎಡಗೈಯನ್ನು ನೋಡಿ ಗಲ್ಲಾದಲ್ಲಿದ್ದ ಉನಿ ಎಣಿಸುತ್ತಿದ್ದ ನೋಟು ಬಿಟ್ಟು ಎದ್ದುನಿಂತರು. ಹೊಸ ತಟ್ಟೆಗಳ ನಡುವೆ, ಮೊಣಕೈ ಹತ್ತಿರ, ಒಂದು ಹಳೇ ಪಿಂಗಾಣಿ ತಟ್ಟೆ! ಅಡುಗೆಮನೆಯವರ ಕಣ್ತಪ್ಪು. ಕೂಗಿದರೆ ಬೆಚ್ಚಿಬೀಳುತ್ತಾರೆ, ಕೂಗದಿದ್ದರೆ ಈ ಸಲ ಕೈ ಚಿಮ್ಮಿ ಸಾರು ಸುತಾನರ ತಲೆಗೆ.

ಮೇಲಿನವು ಒಂದೊಂದಾಗಿ ಇಳಿದವು. ಬಲಗೈ ಪಿಂಗಾಣಿಯ ಬಳಿ ಬಂತು. ಜಸ್ರಿಲ್ ಬೆಕ್ಕನ್ನೇ ನೋಡುತ್ತ, “ಉನಿ, ಮೊಣಕೈ ಹತ್ರ ಹಳೇ ನೆಂಟರೊಬ್ರು ಕೂತಿದ್ದಾರೆ. ಅಡುಗೆಮನೆಯಿಂದಲೇ ಕೈ ಮೇಲೆ ಭಾರ ಹಾಕ್ಕೊಂಡು ಬರ್ತಿದ್ದಾರೆ” ಎಂದು ತಟ್ಟೆ ಎತ್ತಿ ಮೇಜಿಗಿಟ್ಟರು. ಎಡಗೈ ಕೂದಲೆಳೆಯಷ್ಟೂ ಕದಲಲಿಲ್ಲ.

ಸುತಾನ್ ಟವೆಲ್ ಮಡಚಿ ಜೇಬಿಗಿಟ್ಟು ಮೀನಿನ ತಲೆಗೆ ಕೈಹಾಕಿದರು.

“ಹಂಗಾದ್ರೆ ಆ ಗಾಡಿ ಏನ್ಮಾಡ್ಲಿ ಉದಾ?” ಎಂದರು ಉನಿ.

“ಬೆಕ್ಕಿಗೆ ಕೊಡಿ. ದಾರಿ ಬಿಡುತ್ತೆ.”

ಈಗ ಗಾಡಿಯ ಕೆಳಗಿನ ಅಂತಸ್ತಿನಲ್ಲಿ ಬೆಕ್ಕು ಮಲಗುತ್ತದೆ. ಗಲ್ಲಾದಲ್ಲಿ ಉನಿಯೇ ಕೂರುತ್ತಾರೆ.