ಮೂರನೇ ಸಲದ ಎಲೆ

ಆಗ ನಂಗೆ ಅರವತ್ತಾರು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಒಬ್ಬ ಹುಡುಗಿ ಗಂಡಸರ ಗಮ್‌ಬೂಟು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಬೇವಿನ ಮರಕ್ಕೆ ಹಬ್ಬಿರೋ ನನ್ನ ಅಮೃತಬಳ್ಳಿಯ ಎಲೆಗಳನ್ನ ಬಿಳೀ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದಳು. ಕೂಸಿನ ಮೂಗು ಒರೆಸುತ್ತಾರಲ್ಲ, ಹಂಗೆ.

"ಯಾರೇ ನೀನು? ಕದಿಯೋರು ಕಿತ್ಕಂಡು ಓಡ್ತಾರೆ. ನೀನು ಒರೆಸ್ಕಂತಾ ನಿಂತೀಯಲ್ಲ" ಅಂದೆ.

"ಕೇಳಾಕೇ ಬಂದಿದ್ದೆ ಅಜ್ಜಿ. ಮನೆಗೆ ಬೀಗ ಇತ್ತು. ಇನ್ನೂ ಒಂದು ಎಲೇನೂ ಕಿತ್ತಿಲ್ಲ, ನೋಡ್ಕಳ್ರಿ" ಅಂದಳು.

ನೋಡಿದೆ. ನಿಜವಾಗಿ ಒಂದೂ ಕಿತ್ತಿರಲಿಲ್ಲ. ಅವಳು ರೇಣುಕಾ. ಜಗಳೂರು ಕಡೆಯವಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದೋಳು ಅವಳೊಬ್ಬಳೇ. ಪೇಟೆಯ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಎಲೆಯ ರಸ ಕುಡಿದರೆ ಮೈಗೆ ರೋಗ ತಡೆಯೋ ಶಕ್ತಿ ಬರ್ತದೋ ಇಲ್ಲವೋ ನೋಡೋದು ಅವಳ ಕೆಲಸ.

"ನಲವತ್ತು ವರ್ಷದಿಂದ ಊರಿಗೆಲ್ಲ ಈ ರಸ ಕುಡಿಸ್ತಿದೀನಿ. ಕೊರೊನಾದಾಗೆ ಈ ಬಳ್ಳಿ ಬೋಳಾಗಿತ್ತು. ಬರ್ತದೆ ಅಂತ ನಾನೇ ಹೇಳ್ತೀನಿ, ಬರ್ಕಂಡು ಹೋಗು" ಅಂದೆ.

"ನೀವು ಹೇಳಿದ್ದನ್ನ ಬರದ್ರೆ ನಂಗೆ ಡಿಗ್ರಿ ಕೊಡಲ್ಲ ಅಜ್ಜಿ. ಇಲಿ ಹೇಳಬೇಕು."

ನಾನು ಮೂರನೇ ಕ್ಲಾಸಿನವಳು. ಇಲಿ ಹೇಳೋದು ಅಂದರೇನು ಅಂತ ಅವಳು ಬದುವಿನ ಮೇಲೆ ಕೂತು ಬಿಡಿಸಿ ಹೇಳಿದಳು. ನಮ್ಮ ರಕ್ತದಲ್ಲಿ ಬಿಳೀ ಕಣ ಅಂತ ಅದಾವಂತೆ. ಅವು ಮೈಯ ಕಾವಲುಗಾರರು. ರೋಗ ಒಳಗೆ ನುಗ್ಗಿದರೆ ಎದ್ದು ಹೊಡೆದಾಡುತ್ತಾವೆ. ಒಂದು ಗುಂಪು ಇಲಿಗೆ ಎಲೆಯ ರಸ, ಇನ್ನೊಂದು ಗುಂಪಿಗೆ ಬರೀ ನೀರು ಕುಡಿಸಿ, ಆಮೇಲೆ ಎರಡರ ಕಾವಲುಗಾರರನ್ನೂ ಎಣಿಸಬೇಕು.

"ಬರೀ ನೀರು ಕುಡಿಸಿ ಔಷಧಿ ಅನ್ನೋದು ಇಲಿಗಾದ್ರೂ ಮೋಸನೇ ಅಲ್ಲೇನೇ?"

"ಇಲಿಗೆ ನಾನು ಏನೂ ಹೇಳಿರಲ್ಲ ಅಜ್ಜಿ."

ಕಾವಲುಗಾರರು ಹೆಚ್ಚಿದಷ್ಟೂ ಒಳ್ಳೇದಲ್ಲವೇನು ಅಂತ ಕೇಳಿದೆ. ಅದಕ್ಕೂ ತಲೆ ಅಲ್ಲಾಡಿಸಿದಳು. "ಕಾವಲು ನಾಯಿಗೆ ಮದ ಬಂದ್ರೆ ಮನೆಯವರನ್ನೇ ಕಚ್ತದೆ. ಕೆಲವರಿಗೆ ಕೀಲೆಲ್ಲ ಊದಿಕೊಳ್ಳೋದು ಅದಕ್ಕೇ. ಅಂಥೋರಿಗೆ ನಿಮ್ಮ ರಸ ಕೊಡಬ್ಯಾಡ್ರಿ." ನಮ್ಮ ಬೀದಿಯ ಹಾಲಮ್ಮನಿಗೆ ಕೀಲು ಊದಿತ್ತು. ಅವಳಿಗೆ ನಾನು ಒಂದು ತಿಂಗಳು ಕುಡಿಸಿದ್ದೆ. ಆ ಮಾತು ಹೇಳಲಿಲ್ಲ, ನುಂಗಿಕೊಂಡೆ.

ಆಮೇಲೆ ಎರಡು ತಿಂಗಳಿಗೊಂದು ಸಲ ಬಂದಳು. ಕೆರೆಬಿಳಚಿಯಲ್ಲಿ ಬಸ್ಸಿಳಿದು ಆ ಬೂಟಿನಲ್ಲೇ ನಡೆದು ಬರೋಳು. ಎಲೆ ಕಿತ್ತು ಮುಗಿಯೋತನಕ ಚಹಾ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ನಿಂತುಕೊಂಡೇ ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು ಕೈ ತೊಳೆಯೋಳು. ಕೂತ್ಕಂಡು ತಿನ್ನೇ ಅಂದರೆ, ಕೂತರೆ ನಿದ್ದೆ ಬರ್ತದೆ ಅನ್ನೋಳು. ಅವಳ ಸಣಕಲು ಮೈ ನೋಡಿ, "ಆ ರಸ ಇಲಿಗೆ ಬ್ಯಾಡ, ನೀನು ಕುಡಿ" ಅಂತ ಬೈಯುತ್ತಿದ್ದೆ.

ಕವರಿನ ಮೇಲೆ ಊರು, ಬಳ್ಳಿ, ದಿನ ಬರೆಯೋದನ್ನ ನನಗೇ ಕಲಿಸಿದಳು. ಮೂರನೇ ಕ್ಲಾಸಲ್ಲಿ ಕಲಿತದ್ದು ಮರೆತು, ಸಹಿ ಒಂದನ್ನ ಉಳಿಸಿಕೊಂಡಿದ್ದವಳು ನಾನು, ಅಷ್ಟೇ. "ರುದ್ರಮ್ಮನ ಬದು" ಅಂತ ಸೊಟ್ಟ ಸೊಟ್ಟ ಬರೆದೆ. ಒಂದೇ ಬಳ್ಳಿ, ಒಂದೇ ಮಣ್ಣು ಆಗಿರಬೇಕು, ಮಣ್ಣು ಬದಲಾದರೆ ಎಲೆಯೂ ಬದಲು ಅನ್ನೋಳು. ಇನ್ನೊಂದು ಮಾತು ಅವಳ ಬಾಯಲ್ಲಿ ಯಾವಾಗಲೂ ಇರೋದು: "ಒಂದ್ಸಲ ಬಂದೋರು ನೆಂಟರು ಅಜ್ಜಿ, ಮೂರು ಸಲ ಬಂದೋರು ಮನೆಯವರು. ಇಲಿ ಲೆಕ್ಕಾನೂ ಹಂಗೇ, ಮೂರು ಸಲ ಒಂದೇ ತರ ಬಂದ್ರೆ ಮಾತ್ರ ನಂಬ್ತೀನಿ."

ಮೊದಲನೇ ಸಲ ರಸ ಕುಡಿದ ಇಲಿಗಳ ಕಾವಲು ಹೆಚ್ಚಿತು. ಎರಡನೇ ಸಲವೂ ಹೆಚ್ಚಿತು. ಮೂರನೇದೊಂದು ಆದರೆ ಪುಸ್ತಕ ಬರೆದು ಕೊಡೋದಿತ್ತು. ಬೇಸಿಗೆ ಮುಗಿಯೋದರೊಳಗೆ ಕೊಟ್ಟರೆ ನ್ಯಾಮತಿಯ ಒಂದು ಕಾಲೇಜಿನಲ್ಲಿ ಕೆಲಸ ಕೊಡ್ತೀವಿ ಅಂದಿದ್ದರಂತೆ.

ಆ ಮೂರನೇ ಸಲ ಅವಳಿಗೆ ಬರಾಕೆ ಆಗಲಿಲ್ಲ. ಪರೀಕ್ಷೆ ಡ್ಯೂಟಿ ಬಿದ್ದಿತ್ತು. ಫೋನ್ ಮಾಡಿದಳು. "ಅಜ್ಜಿ, ನೀವೇ ಕಿತ್ತು ಒರೆಸಿ, ಕವರಿಗೆ ಹಾಕಿ ಕಂಡಕ್ಟರ್ ಕೈಲಿ ಕಳಿಸ್ರಿ. ಇಲಿ ತಯಾರದಾವೆ. ಈ ವಾರ ತಪ್ಪಿದ್ರೆ ಅವುಗಳ ವಯಸ್ಸು ಮೀರ್ತದೆ."

ಆತು ಅಂದೆ. ಆದರೆ ನನ್ನ ಮೈದುನ ತೀರಿಕೊಂಡು ನಾಲ್ಕು ದಿನ ಆಗಿತ್ತು. ಮನೆಗೆಲ್ಲ ಸೂತಕ. ಸೂತಕದ ಕೈ ಬಳ್ಳಿಗೆ ತಾಗಿದರೆ ಅದರ ಗುಣ ಹೋಗ್ತದೆ ಅಂತ ನಮ್ಮವ್ವ ಹೇಳಿದ್ದಳು. ಹನ್ನೊಂದು ದಿನ ಆ ಕಡೆ ಹೋಗಬಾರದು. ಇದನ್ನ ಫೋನಿನಲ್ಲಿ ಹೇಳಬಹುದಿತ್ತು. ಊರಲ್ಲಿ ಯಾರ ಮುಖಾನೂ ನೋಡದೆ ಇದ್ದದ್ದು ಇದ್ದಂಗೆ ಆಡೋಳು ನಾನು. ಓದಿದ ಹುಡುಗಿ ನಕ್ಕಾಳು ಅಂತ ಅದೊಂದಕ್ಕೆ ನಾಲಿಗೆ ಏಳಲಿಲ್ಲ.

ಸಂತೇಬೆನ್ನೂರು ಸಂತೆಗೆ ಹೋದೆ. ಸೊಪ್ಪು ಮಾರೋಳ ಹತ್ತಿರ ಅಮೃತಬಳ್ಳಿ ಎಲೆ ತಗೊಂಡೆ. ಬೇರಿನ ಮೇಲಿರೋ ಬಳ್ಳಿಗೆ ಸೂತಕ, ಕಿತ್ತ ಎಲೆಗೆ ಯಾವ ಸೂತಕ ಅಂತ ನನಗೆ ನಾನೇ ಹೇಳಿಕೊಂಡೆ. ಯಾವ ಊರಿನದೋ, ಯಾವ ಮರಕ್ಕೆ ಹಬ್ಬಿದ್ದೋ. ಒರೆಸಿದೆ, ಕವರಿಗೆ ಹಾಕಿದೆ. ಮೇಲೆ "ರುದ್ರಮ್ಮನ ಬದು" ಅಂತ ಬರೆದೆ. ಆ ಸಲ ಅಕ್ಷರ ಸೊಟ್ಟ ಬರಲಿಲ್ಲ.

ತಿಂಗಳಾದ ಮೇಲೆ ಬೂಟಿಲ್ಲದೆ ಬಂದಳು, ಚಪ್ಪಲಿಯಲ್ಲಿ. ಕೈಯಲ್ಲಿ ಪೇಡೆ ಡಬ್ಬಿ.

"ಮೂರನೇದೂ ಬಂತು ಅಜ್ಜಿ! ಬಾಯಿ ತೆಗೀರಿ."

ಬಾಯಿಗೆ ಪೇಡೆ ಇಟ್ಟಳು. ಅವತ್ತು ಮೊದಲನೇ ಸಲ ನನ್ನ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡು ಕೂತಳು. ಒಲೆಯ ಕಡೆ ಕಾಲು ಚಾಚಿ, ನ್ಯಾಮತಿಯಲ್ಲಿ ಯಾವ ಓಣಿಯಲ್ಲಿ ಬಾಡಿಗೆ ಮನೆ ಮಾಡಬೇಕು, ಅವ್ವನ್ನ ಯಾವಾಗ ಕರಕೊಂಡು ಬರಬೇಕು ಅಂತ ಹೇಳುತ್ತಿದ್ದಳು. ಪೇಡೆ ನನ್ನ ದವಡೆಯಲ್ಲೇ ಇತ್ತು.

"ಅದು ನಮ್ಮ ಬಳ್ಳೀದಲ್ಲ" ಅಂದೆ.

"ಯಾವುದು?"

"ಮೂರನೇ ಸಲದ್ದು. ಸಂತೆ ಎಲೆ. ಮನೇಲಿ ಸೂತಕ ಇತ್ತು."

ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಚಾಚಿದ ಕಾಲು ಮಡಚಿಕೊಂಡಳು. ಚೀಲದಿಂದ ನೋಟ್‌ಬುಕ್ ತೆಗೆದು ಒಂದು ಹಾಳೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಗೀಟು ಎಳೆದಳು.

"ಯಾರಿಗೂ ಗೊತ್ತಾಗಲ್ಲ ಕಣೇ" ಅಂದೆ. "ಅದೂ ಅಮೃತಬಳ್ಳಿನೇ. ಕವರಿನ ಮೇಲೆ ನಾನೇ ಬರದೀನಿ. ನಾನು ಬಾಯಿ ಬಿಡಲ್ಲ."

"ಈಗ ಬಿಟ್ರಲ್ಲ ಅಜ್ಜಿ" ಅಂದಳು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕುತ್ತಾ, "ಎರಡೇ ಸಲ ಬಂದಂಗಾತು" ಅಂದಳು.

ಮತ್ತೆ ಇಲಿ ತರಾಕೆ ಮೇಲಿನವರ ಅಪ್ಪಣೆ ಬೇಕಿತ್ತು. ಅದು ಸಿಗೋದರೊಳಗೆ ಮಳೆಗಾಲ ಕಳೆಯಿತು, ನ್ಯಾಮತಿಯ ಕೆಲಸ ಬೇರೆಯವರ ಪಾಲಾಯಿತು. ಅದು ನನ್ನಿಂದ ಹೋಯಿತು. ಸುತ್ತಿ ಬಳಸಿ ಹೇಳೋದೇನಿಲ್ಲ. ಅಪ್ಪಣೆ ಬಂದಮೇಲೆ ಅದೇ ಬೂಟು ಹಾಕಿಕೊಂಡು ಬಂದಳು. ಎಲೆ ಕೀಳೋ ಮುಂಚೆ ನನ್ನ ಕಡೆ ತಿರುಗಿ, "ಸೂತಕ ಗೀತಕ ಏನಿಲ್ಲ ತಾನೇ ಅಜ್ಜಿ?" ಅಂತ ಕೇಳಿದಳು. ಚುಚ್ಚಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಇಲ್ಲ ಅಂದಮೇಲೇ ಕೈ ಹಾಕಿದಳು.

ಕೊನೇ ಸಲ ಬಂದಿದ್ದು ಹೋದ ವರ್ಷ, ಕಡಲೆ ಕೀಳೋ ಕಾಲದಲ್ಲಿ. ದಪ್ಪ ಪುಸ್ತಕ ತಂದಿದ್ದಳು, ಎಲ್ಲ ಇಂಗ್ಲಿಷು. ಒಂದು ಹಾಳೆಯಲ್ಲಿ ಮಾತ್ರ ಕನ್ನಡದಲ್ಲಿ ನನ್ನ ಹೆಸರಿತ್ತು. ಬೆರಳಿಟ್ಟು ಓದಿದೆ.

"ಮೂರನೇ ಸಲ ಏನಾತೇ?"

"ಬರಲಿಲ್ಲ ಅಜ್ಜಿ. ನೀರು ಕುಡಿದ ಇಲಿ, ರಸ ಕುಡಿದ ಇಲಿ ಎರಡೂ ಒಂದೇ ತರ ಇದ್ವು."

"ಹಂಗಾದ್ರೆ ಪುಸ್ತಕದಾಗೆ?"

"ಎರಡು ಸಲ ಬಂತು, ಒಂದು ಸಲ ಬರಲಿಲ್ಲ ಅಂತ ಬರದೀನಿ. ಖಾತ್ರಿ ಹೇಳಾಕೆ ಇನ್ನೂ ನೋಡಬೇಕು ಅಂತ ಬರದೀನಿ. ಅದಕ್ಕೂ ಡಿಗ್ರಿ ಕೊಟ್ರು."

ನನಗೆ ಸಿಟ್ಟು ಬಂತು. ನನ್ನ ಬಳ್ಳಿಗೆ ಕೆಟ್ಟ ಹೆಸರು ತಂದೆಯಲ್ಲೇ ಅಂದೆ. ನಕ್ಕಳು. "ಕೆಟ್ಟ ಹೆಸರಲ್ಲ ಅಜ್ಜಿ, ಇದ್ದ ಹೆಸರು" ಅಂದಳು. ಅವತ್ತೂ ನಿಂತುಕೊಂಡೇ ರೊಟ್ಟಿ ತಿಂದಳು. ಜಗಳೂರಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡ್ತೀನಿ, ಬಸ್ಸಿಗೆ ಹೊತ್ತಾತು ಅಂತ ಹೊರಟಳು. ಬೂಟು ನಮ್ಮ ಹಿತ್ತಿಲಲ್ಲೇ ಬಿಟ್ಟುಹೋದಳು, ಇನ್ನು ಬೇಕಾಗಲ್ಲ ಅಂತ. ಆಮೇಲೆ ಬಂದಿಲ್ಲ. ಎಲೆ ಬೇಕಿಲ್ಲದ ಮೇಲೆ ಯಾಕೆ ಬರ್ತಾಳೆ?

ಅವಳು ಪುಸ್ತಕ ತೋರಿಸಿ ಹೋದ ಮಾರನೇ ದಿನ ಬೆಳಿಗ್ಗೆ ನಾನಿನ್ನೂ ಅಂಗಳ ಗುಡಿಸುತ್ತಿದ್ದೆ. ಹಾಲಮ್ಮ ಮೊಮ್ಮಗಳನ್ನ ಸೊಂಟದ ಮೇಲೆ ಕೂರಿಸಿಕೊಂಡು, ಲೋಟ ಹಿಡಿದು ಬಂದಳು. ಕೂಸಿಗೆ ಮೂರು ದಿನದಿಂದ ಜ್ವರ.

"ರುದ್ರಕ್ಕ, ಒಂಚೂರು ಅಮೃತಬಳ್ಳಿ ರಸ ಕೊಡು. ನಿನ್ನ ಕೈಗುಣಕ್ಕೆ ಇಳೀತದೆ."

ನಲವತ್ತು ವರ್ಷ ಇಂಥ ಮಾತಿಗೆ, ಕುಡಿಸು, ಏನೂ ಆಗಲ್ಲ ಅಂತ ಹೇಳಿ ಲೋಟ ತುಂಬಿಸಿ ಕೊಟ್ಟವಳು ನಾನು. ಪೊರಕೆ ಕೆಳಗಿಟ್ಟೆ.

"ಎರಡು ಸಲ ಬಂತಂತೆ, ಒಂದು ಸಲ ಬರಲಿಲ್ಲಂತೆ" ಅಂದೆ.

"ಏನು ಬಂತು? ಯಾರು ಬರಲಿಲ್ಲ?"

"ಇಲಿ ಹೇಳಿದ್ದು. ನಡಿ, ಹೋಗ್ತಾ ಹೇಳ್ತೀನಿ" ಅಂದು ಕೂಸನ್ನ ಎತ್ತಿಕೊಂಡು ಚನ್ನಗಿರಿ ಆಸ್ಪತ್ರೆಗೆ ಮೊದಲನೇ ಬಸ್ಸು ಹತ್ತಿದೆ. ಹಾಲಮ್ಮ ಖಾಲಿ ಲೋಟ ಹಿಡಿದುಕೊಂಡೇ ಹಿಂದೆ ಬಂದಳು.