ಮೀನಿನ ಪೆಟ್ಟಿಗೆಯೊಳಗಿನ ಗಂಟು

ನಾನು ಹುಟ್ಟಾ ಎಡಗೈಯವಳು. ಪಾಣೆಮಂಗಳೂರಿನ ನಮ್ಮ ಮನೆಯಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ತಟ್ಟೆಗೆ ಎಡಗೈ ಹೋದರೆ ಅಜ್ಜಿಯ ಸೌಟು ಅದರ ಮೇಲೆ ಬೀಳುತ್ತಿತ್ತು. ಪೆನ್ಸಿಲ್ ಹಿಡಿದರೂ ಅದೇ ಶಿಕ್ಷೆ. ಬಲಗೈಯಲ್ಲೇ ಉಂಡು, ಬಲಗೈಯಲ್ಲೇ ಬರೆದು, ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಡಾಕ್ಟರಾದೆ.

ಎರಡು ಸಾವಿರದ ಇಸವಿಯ ಆಚೀಚೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸರ್ಜರಿ ಕಲಿಯುತ್ತಿದ್ದೆ. ಎದೆಯನ್ನು ಅಗಲವಾಗಿ ಕೊಯ್ಯದೆ, ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟೀವಿ ನೋಡುತ್ತ ಆಪರೇಷನ್ ಮಾಡುವ ವಿಧಾನ ನಮ್ಮಲ್ಲಿಗೆ ಆಗಷ್ಟೇ ಬಂದಿತ್ತು. ದೊಡ್ಡ ಡಾಕ್ಟರು ಕಲಿಯುತ್ತಿದ್ದ ನಮ್ಮ ಮೂವರನ್ನೂ ಕರೆದು, "ಅಭ್ಯಾಸದ ಪೆಟ್ಟಿಗೆಯ ತೂತಿನೊಳಗಿಂದ ಹೊಲಿಗೆ ಹಾಕಿ ತೋರಿಸಿ. ಯಾರದ್ದು ಚೆಂದ ಉಂಟೋ ಅವರನ್ನು ಆಪರೇಷನ್ನಿಗೆ ಜೊತೆಗೆ ನಿಲ್ಲಿಸಿಕೊಳ್ತೇನೆ" ಎಂದರು. ಆ ಜಾಗ ನನಗೆ ಬೇಕೇ ಬೇಕಿತ್ತು.

ಆಸ್ಪತ್ರೆಯಲ್ಲಿದ್ದ ಆ ಪೆಟ್ಟಿಗೆ ಹಿರಿಯರ ಕೈಯಿಂದ ಬಿಡುಗಡೆಯಾಗುತ್ತಿರಲಿಲ್ಲ. ರಜೆಯಲ್ಲಿ ಮನೆಗೆ ಬಂದವಳೇ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತೊಳೆದು ತೂತು ಕೊರೆದೆ. ಮದುವೆಗಳ ವಿಡಿಯೋ ತೆಗೆಯಲೆಂದು ಅಪ್ಪ ದುಬೈಯಿಂದ ತಂದಿದ್ದ ಕ್ಯಾಮೆರಾವನ್ನು ಒಂದು ತೂತಿಗೆ ಹೊಂದಿಸಿ ಟೀವಿಗೆ ಜೋಡಿಸಿದೆ. ಒಳಗೆ ಟಾರ್ಚು, ಮಟನ್ ಅಂಗಡಿಯಿಂದ ತಂದ ಆಡಿನ ಶ್ವಾಸಕೋಶ. ಆಸ್ಪತ್ರೆಯವರು ಮೂಲೆಗೆ ಹಾಕಿದ್ದ ಉದ್ದನೆಯ ಇಕ್ಕಳಗಳನ್ನು ಕೇಳಿ ತಂದಿದ್ದೆ. ತೂತಿನೊಳಗೆ ಇಳಿದ ಇಕ್ಕಳ ಬಲು ಹಠಮಾರಿ. ಹಿಡಿಯನ್ನು ಎಡಕ್ಕೆ ಸರಿಸಿದರೆ ತುದಿ ಬಲಕ್ಕೆ ಹೋಗುತ್ತದೆ. ಸೂಜಿ ಜಾರಿತು, ದಾರ ಸಿಕ್ಕಾಯಿತು, ಅಳು ಬಂತು.

ಧಾರಾವಾಹಿ ನೋಡಲು ಬಂದ ನೆರೆಮನೆಯವರು ಆಡಿನ ಶ್ವಾಸಕೋಶ ನೋಡುತ್ತ ಕುಳಿತರು. "ಇನ್ನೂ ಸ್ವಲ್ಪ ಮೇಲೆ ಹಿಡಿ ಮಾರಾಯ್ತಿ" ಎಂದು ಸಲಹೆಯೂ ಬಂತು. ಅಜ್ಜಿಯ ಕಣ್ಣು ಮಾತ್ರ ನನ್ನ ಕೈಯ ಮೇಲಿತ್ತು.

"ಪುನಃ ಎಡಗೈ ಶುರುವಾಯ್ತಾ?"

"ಇದಕ್ಕೆ ಎರಡೂ ಬೇಕು ಅಜ್ಜಿ."

ಅಜ್ಜಿ ಮುಖ ತಿರುಗಿಸಿದರು. ರಜೆ ಮುಗಿಯುವಷ್ಟರಲ್ಲಿ ಇಕ್ಕಳ ನನ್ನ ಮಾತು ಕೇಳತೊಡಗಿತ್ತು.

ಪರೀಕ್ಷೆಯ ದಿನ ಬಲಗೈ ಹೊಲಿಗೆಯನ್ನು ಮೂವರೂ ಚೆನ್ನಾಗಿಯೇ ಹಾಕಿದೆವು. ಆಗ ದೊಡ್ಡ ಡಾಕ್ಟರು, "ಈಗ ಸೂಜಿಯನ್ನು ಎಡಗೈಗೆ ತೆಗೊಳ್ಳಿ" ಎಂದರು. ಉಳಿದಿಬ್ಬರ ಎಡಗೈ ತಡವರಿಸಿತು. ನನ್ನದು ತವರಿಗೆ ಹೊರಟಂತೆ ಹೊರಟಿತು. ಗಂಟು ಬಿಗಿದು ತಲೆಯೆತ್ತಿದಾಗ ದೊಡ್ಡ ಡಾಕ್ಟರು ಟೀವಿಯನ್ನೇ ನೋಡುತ್ತಿದ್ದರು.

"ಸೋಮವಾರ ನೀವು ನನ್ನ ಜೊತೆ ನಿಲ್ಲಿ."

ಬಸ್ಸಿನಲ್ಲಿ ಊರಿಗೆ ಬರುವಾಗ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಷ್ಟು ವರ್ಷ ಕಾದಿಟ್ಟಿದ್ದ ಮಾತನ್ನು ಅಡುಗೆಮನೆಯ ಬಾಗಿಲಲ್ಲೇ ಹೇಳಿಬಿಟ್ಟೆ. "ನೀವು ಹೊಡೆದ ಎಡಗೈಯೇ ನನ್ನನ್ನು ಗೆಲ್ಲಿಸಿತು, ಅಜ್ಜಿ."

ಅಜ್ಜಿ ಸೌಟು ಕೆಳಗಿಡಲಿಲ್ಲ. "ಎಡಗೈ ನೀನು ಹುಟ್ಟುವಾಗಲೇ ತಂದದ್ದು. ಬಲಗೈ ಕೊಟ್ಟದ್ದು ಯಾರು?"

ನಗು ತಡೆಯಲಾರದೆ ಕುಳಿತು, ಅಜ್ಜಿ ಬಡಿಸಿದ್ದನ್ನು ಬಲಗೈಯಲ್ಲೇ ಉಂಡೆ.